ಗಾಬರಿಯಾಗದ ಗಂಡು

ನನ್ನ ತಂಗಿ ಸ್ಪಂದನಾಗೆ ಗೊತ್ತು ಮಾಡಿದ್ದ ಗಂಡಿನ ಬಗ್ಗೆ ನಮ್ಮ ನೆಂಟರಿಷ್ಟರೆಲ್ಲ ಮೊದಲು ಹೇಳುತ್ತಿದ್ದ ಮಾತೆಂದರೆ, ಹುಡುಗ ಯಾವುದಕ್ಕೂ ಗಾಬರಿಯಾಗುವುದಿಲ್ಲ ಎನ್ನುವುದು. ನಿಶ್ಚಿತಾರ್ಥದ ದಿನ ಛತ್ರದ ಅಡುಗೆಮನೆಯಲ್ಲಿ ಸಿಲಿಂಡರಿಗೆ ಬೆಂಕಿ ಹತ್ತಿಕೊಂಡಿತು. ಅಡುಗೆಯವರು ಪಂಚೆ ಎತ್ತಿಕೊಂಡು ಓಡಿದರು, ಹೆಂಗಸರು ಮಕ್ಕಳನ್ನು ಎಳೆದುಕೊಂಡು ರಸ್ತೆಗೆ ಬಂದರು, ನಮ್ಮ ಸೋದರಮಾವ ಹೊಸ ಚಪ್ಪಲಿಯ ಆಸೆಯನ್ನೂ ಬಿಟ್ಟು ಓಡಿದ. ಹುಡುಗ ರೇವಂತ್ ಮಾತ್ರ ಎಲೆ ಮುಂದಿನಿಂದ ಎದ್ದು, ಒದ್ದೆ ಗೋಣಿಚೀಲ ಹಿಡಿದು ಒಳಗೆ ಹೋಗಿ, ಸಿಲಿಂಡರಿನ ತಿರುಪು ತಿರುಗಿಸಿ, ಕೈ ತೊಳೆದುಕೊಂಡು ಬಂದು ಅರ್ಧ ತಿಂದಿದ್ದ ಹೋಳಿಗೆಯನ್ನು ಮುಂದುವರಿಸಿದ. ಎಂಟೆದೆಯ ಗಂಡು ಎಂದು ಎಲ್ಲರೂ ಕೊಂಡಾಡಿದರು. ನಾನೂ ಮೆಚ್ಚಿದೆ. ತುಪ್ಪ ಬೇಕೆಂದು ಅವನು ಕೇಳಿದಾಗ ಬಡಿಸಿದವಳೂ ನಾನೇ.

ನಾನು ಮಧುಶ್ರೀ. ಮಧುಗಿರಿಯಲ್ಲಿ ಅಪ್ಪ ಅಮ್ಮನ ಜೊತೆಗೇ ಇದ್ದೇನೆ, ಮನಃಶಾಸ್ತ್ರ ಓದಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಗಂಡನನ್ನು ಬಿಟ್ಟು ಬಂದವಳು. ಹಾಗಾಗಿ ಮದುವೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಬಾಯಿ ಜೋರು ನನ್ನದು, ಎದೆ ಗಟ್ಟಿ ಸ್ಪಂದನಾಳದು. ಶಾಲೆಯಲ್ಲಿ ಗಣಿತ ಹೇಳಿಕೊಡುವ ಹುಡುಗಿ, ಹಾವು ಬಂದರೆ ತಾನೇ ಕೋಲು ಹಿಡಿದು ಹೋಗುವವಳು. ಅವಳಿಗೆ ಆಗದಿದ್ದುದು ಎತ್ತರ ಒಂದೇ. ಮಹಡಿಯ ಮೇಲೆ ಬಟ್ಟೆ ಒಣಹಾಕಲೂ ಗೋಡೆ ಹಿಡಿದುಕೊಂಡು ಹೋಗುತ್ತಿದ್ದಳು. ಅಂಥವಳು ರೇವಂತನಿಗೆ ಕಾಫಿ ಕೊಡುವಾಗ ತಟ್ಟೆ ಗಡಗಡ ನಡುಗಿತು. ಹೆಂಗಸರೆಲ್ಲ ನಕ್ಕು ನಾಚಿಕೆ ಎಂದರು. ನಾನೂ ಛೇಡಿಸಿದೆ.

ನಿಶ್ಚಿತಾರ್ಥವಾದ ಮೇಲೆ ಎರಡೂ ಮನೆಯವರು ಸಿದ್ದರಬೆಟ್ಟಕ್ಕೆ ಹೋಗಿ ಗವಿಯ ನೀರು ತಲೆಗೆ ಹಾಕಿಸಿಕೊಂಡು ಬಂದೆವು. ರೇವಂತನ ಊರು ಹೊಳವನಹಳ್ಳಿ, ಕೊರಟಗೆರೆಯಲ್ಲಿ ಟ್ರ್ಯಾಕ್ಟರ್ ಶೋರೂಮಿನ ಮ್ಯಾನೇಜರ್. ಆ ಬೆಟ್ಟ ಅವನಿಗೆ ಹಿತ್ತಿಲಿದ್ದ ಹಾಗೆ. ಇಳಿಯುವಾಗ ಅವನು ಮೆಟ್ಟಿಲು ಬಿಟ್ಟು, ಇತ್ತ ಬಾ, ನೋಟ ಚೆನ್ನಾಗಿದೆ ಎಂದು ಸ್ಪಂದನಾಳನ್ನು ಒಂದು ಜಾರು ಬಂಡೆಯ ಮೇಲೆ ಕರೆದುಕೊಂಡು ಹೋದ. ಅವಳ ಕಾಲು ಜಾರಿತು. ಬಂಡೆಯನ್ನು ಬಾಚಿ ತಬ್ಬಿಕೊಂಡು ಬಿದ್ದಳು. ಅವನು ಕೈಗೆಟುಕುವಷ್ಟು ಹತ್ತಿರದಲ್ಲೇ ನಿಂತಿದ್ದ. ಕೈ ಕೊಡಲಿಲ್ಲ. ಒಲೆ ಮೇಲಿಟ್ಟ ಹಾಲು ಯಾವಾಗ ಉಕ್ಕುತ್ತದೆಂದು ಕಾಯುವವರ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ. ನಾನು ಕೆಳಗಿನಿಂದ ಕಿರುಚಿದ ಮೇಲೆ ನಗುತ್ತಾ ಕೈ ನೀಡಿದ.

“ನೋಡು, ಒಂದ್ ಚೂರೂ ಗಾಬ್ರಿ ಬೀಳ್ಲಿಲ್ಲ. ನೀನಾಗಿದ್ರೆ ಇಬ್ರೂ ಉಳ್ಳೋಗ್ತಿದ್ರಿ,” ಎಂದಳು ನಮ್ಮಮ್ಮ ಗಂಗಲಕ್ಷ್ಮಮ್ಮ.

ಅಲ್ಲಿಂದ ಸ್ಪಂದನಾ ಊಟ ಬಿಟ್ಟಳು. ಏನಾಯಿತೇ ಎಂದರೆ ಏನಿಲ್ಲ ಅನ್ನುತ್ತಿದ್ದಳು. ಒಂದು ಸಂಜೆ ಮಾತ್ರ, “ಅಕ್ಕ, ಅವರು ಒಂದು ಕೆಟ್ಟ ಮಾತಾಡಿಲ್ಲ. ನಂಗೇ ಯಾಕೆ ಹಿಂಗಾಗ್ತಿದೆಯೋ,” ಎಂದು ನನ್ನ ಮಡಿಲಲ್ಲಿ ಮುಖ ಇಟ್ಟಳು. ನನಗೆ ಒಳಗೊಳಗೇ ಹೆದರಿಕೆ ಶುರುವಾಯಿತು.

ಆ ಹೆದರಿಕೆಗೆ ಆಕಾರ ಬಂದದ್ದು ಫೋಟೋಗಳಿಂದ. ಆಶಾ ಕಾರ್ಯಕರ್ತೆಯರ ತರಬೇತಿಗೆಂದು ಮುಖದ ಚಿತ್ರಗಳ ಕಟ್ಟೊಂದನ್ನು ಮನೆಗೆ ತಂದಿದ್ದೆ. ನಗು, ಸಿಟ್ಟು, ದುಃಖ, ಭಯ, ಹೀಗೆ ಒಂದೊಂದು ಮುಖದಲ್ಲಿ ಒಂದೊಂದು ಭಾವ. ಅಪ್ಪನ ಬಿಪಿ ಮಾತ್ರೆ ತಂದುಕೊಡಲು ಬಂದ ರೇವಂತ್ ಅವನ್ನು ಕೈಗೆತ್ತಿಕೊಂಡು ಆಟದಂತೆ ಹೇಳತೊಡಗಿದ. ನಗು ಎಂದ, ಸರಿ. ಸಿಟ್ಟು ಎಂದ, ಸರಿ. ಅಳು ಸರಿ. ಕಣ್ಣು ಕಿತ್ತುಬರುವಂತೆ ಹೆದರಿದ ಹೆಂಗಸಿನ ಮುಖ ಬಂದಾಗ ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದೇನು, ಆಶ್ಚರ್ಯನಾ?”

ಭಯವನ್ನು ಆಶ್ಚರ್ಯ ಎನ್ನುವವರು ಬೇಕಾದಷ್ಟು ಜನರಿದ್ದಾರೆ. ಇನ್ನೊಂದು ಕೊಟ್ಟೆ, ಮತ್ತೊಂದು ಕೊಟ್ಟೆ. ಅವನಿಗೆ ಯಾವುದೂ ಗೊತ್ತಾಗಲಿಲ್ಲ. ಕೊನೆಯದನ್ನು ಹಿಡಿದುಕೊಂಡು ಅವನು ಮುಗ್ಧವಾಗಿ ಕೇಳಿದ. “ಅಕ್ಕ, ನಾನು ಹತ್ರ ಹೋದ್ರೆ ಸ್ಪಂದನಾ ಮುಖ ಹಿಂಗೇ ಆಗತ್ತೆ. ಎಲ್ರೂ ನಾಚಿಕೆ ಅಂತಾರಲ್ಲ, ಅದೇ ತಾನೇ ಇದು?”

ನನ್ನ ಅಂಗೈ ಬೆವರಿತು. ಫೋಟೋಗಳನ್ನು ಕೂಡಿಸಿ ಕಪಾಟಿಗೆ ಹಾಕಿ, ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತೆ.

ಓದು ಮುಗಿದ ಹೊಸತರಲ್ಲಿ ನಾನು ಸೆರೆಮನೆಯ ಕೈದಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಕೆಲಸ ಮಾಡಿದ್ದೆ. ನಮ್ಮ ಮಿದುಳಿನ ಒಳಗೆ, ಕಿವಿಗಳ ನೇರಕ್ಕೆ, ಬಾದಾಮಿ ಬೀಜದಂಥ ಗಂಟುಗಳಿವೆ, ಅಮಿಗ್ಡಲಾ ಎನ್ನುತ್ತಾರೆ. ಎದುರಿನವರು ಹೆದರಿದರೆ ನಮಗೂ ಎದೆ ಝಲ್ಲೆನ್ನುವುದರಲ್ಲಿ ಅದರ ಪಾಲು ದೊಡ್ಡದು. ಕೆಲವರಲ್ಲಿ ಅದು ಸರಿಯಾಗಿ ಎಚ್ಚರಗೊಳ್ಳುವುದಿಲ್ಲ. ಬೆರಳಿಗೆ ತಂತಿ ಕಟ್ಟಿ, ಈಗ ಕಿವಿಗಡಚಿಕ್ಕುವ ಸದ್ದು ಬರುತ್ತದೆ ಎಂದು ಹೇಳಿದರೆ ಉಳಿದವರ ಅಂಗೈ ಮೊದಲೇ ಬೆವರುತ್ತಿತ್ತು, ಅಂಥವರ ಕೈ ಒಣಗಿದಂತೆಯೇ ಇರುತ್ತಿತ್ತು. ಶಿಕ್ಷೆಯ ಬೆದರಿಕೆ ಅವರಿಗೆ ನಾಟುತ್ತಿರಲಿಲ್ಲ. ಲಾಭವಿದೆ ಎಂದರೆ ಮಾತ್ರ ಕಣ್ಣು ಮಿನುಗುತ್ತಿತ್ತು. ಅವರ ಮಾತೋ, ಜೇನು. ಟೀವಿಯವರು ಸೈಕೋ ಎಂದು ಅರಚುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ, ಯಾಕೆಂದರೆ ಅಂಥ ಬಹಳಷ್ಟು ಜನ ಯಾರನ್ನೂ ಕೊಲ್ಲುವುದಿಲ್ಲ. ನಾಲ್ಕು ಫೋಟೋ ತೋರಿಸಿ ಯಾರ ಹಣೆಗೂ ಪಟ್ಟಿ ಅಂಟಿಸುವಂತಿಲ್ಲ ಎನ್ನುವುದೂ ನನಗೆ ಗೊತ್ತು. ಆದರೆ ನಾಳೆ ಆ ಮನುಷ್ಯನ ಮನೆಯ ಬಾಗಿಲು ಹಾಕಿಕೊಂಡರೆ ಒಳಗಿರುವವಳು ನನ್ನ ತಂಗಿ.

ಅಪ್ಪ ಅಮ್ಮನಿಗೆ ಹೇಳಿದೆ. ಅಮ್ಮ ರೊಟ್ಟಿ ತಟ್ಟುತ್ತಲೇ ಉತ್ತರ ಕೊಟ್ಟಳು. “ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳ್ದಿ ಕಣಮ್ಮ. ನೀನ್ ಓದಿರೋದು ಬರೀ ಉಚ್ಚರ ವಿಷ್ಯ. ನಿನ್ ಬಾಳು ಅಂಗಾಯ್ತು ಅಂತ ಅವ್ಳ್ದಕ್ಕೂ ಕಲ್ಲಾಕ್ಬ್ಯಾಡ.”

ನಮ್ಮಪ್ಪ ಸಿದ್ದಗಂಗಯ್ಯ ಜಗಳವೆಂದರೆ ಜಗುಲಿಗೆ ಹೋಗುವ ಮನುಷ್ಯ. “ಕುಡಿಯಲ್ಲ, ಸೇದಲ್ಲ. ಇನ್ನೇನ್ ಬೇಕವ್ವ?” ಎಂದು ಹೊರಗೆ ಹೋಗಿ ಕುಳಿತರು. ನನಗೆ ಸಿಟ್ಟಿನಲ್ಲಿ ಕಣ್ಣೀರೇ ಬಂತು. ಇನ್ನು ಇವರ ಜೊತೆ ಗುದ್ದಾಡಿ ಪ್ರಯೋಜನವಿಲ್ಲವೆಂದು, ಸಂಬಂಧ ತಂದ ಪರ್ವತಯ್ಯನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆ. ಈ ನಾಲ್ಕು ತಾಲ್ಲೂಕಿನಲ್ಲಿ ಆತ ಕೂಡಿಸದ ಮದುವೆಯಿಲ್ಲ. ಮೊದಲು ಬೇರೆ ಕಡೆ ಗೊತ್ತಾಗಿತ್ತೇ ಎಂದು ಕೇಳಿದೆ.

“ಪಾವಗಡದ ತಾವ ಒಂದ್ ಹೆಣ್ಣು ಗೊತ್ತಾಗಿತ್ತು. ನಿಶ್ಚಿತಾರ್ಥಾನೂ ಆಗಿತ್ತು. ಜಾತ್ಕ ಕೂಡ್ಲಿಲ್ಲ ಅಂತ ಅವ್ರೇ ಬುಟ್ಬುಟ್ರು. ಅದ್ರಾಗೇನೈತೆ ಬುಡಮ್ಮ.”

“ನಿಶ್ಚಿತಾರ್ಥ ಆದ ಮೇಲೆ ಜಾತ್ಕ ನೋಡಿದ್ರಾ?”

ಪರ್ವತಯ್ಯ ತಲೆ ಕೆರೆದುಕೊಂಡ. ನಮ್ಮ ಕಡೆ ಇದೊಂದು ಮರ್ಯಾದೆ. ಗಂಡು ಕುಡುಕನಾಗಿರಲಿ, ಹೆಣ್ಣಿಗೆ ಬೇರೆ ಮನಸ್ಸಿರಲಿ, ಸಂಬಂಧ ಮುರಿದರೆ ಯಾರೂ ನಿಜ ಹೇಳುವುದಿಲ್ಲ. ಜಾತಕ ಕೂಡಲಿಲ್ಲ ಎಂದುಬಿಡುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹಾವು ಮುಂದಿನ ಮನೆಗೆ ಹೋಗುತ್ತದೆ. ಆ ಮನೆಯ ವಿಳಾಸ ತೆಗೆದುಕೊಂಡು, ಮರುದಿನ ಅಮ್ಮನಿಗೆ ತರಬೇತಿ ಎಂದು ಸುಳ್ಳು ಹೇಳಿ ಪಾವಗಡದ ಬಸ್ ಹತ್ತಿದೆ.

ಆ ಹುಡುಗಿಯ ಹೆಸರು ಭಾರ್ಗವಿ. ಅವಳ ತಂದೆ ಲಕ್ಷ್ಮೀಪತಿ ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ರೇವಂತನ ಹೆಸರೆತ್ತಿದ್ದೇ ತಡ, ಒಳಗೆ ಓಡುತ್ತಿದ್ದ ಮಿಕ್ಸಿ ನಿಂತಿತು.

“ಏಮೀ ಲೇದಮ್ಮಾ. ಜಾತಕಂ ಕುದರಲೇದು, ಅಷ್ಟೇ. ಒಳ್ಳೆ ಹುಡ್ಗನೇ. ನೀವು ಹೊರಡಿ, ಬಸ್ ಹೋಗ್ಬಿಡ್ತದೆ,” ಎಂದರು, ಆ ಕಡೆಯ ತೆಲುಗು ಬೆರೆಸಿ. ಅವರ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ.

ಬರಿಗೈಯಲ್ಲಿ ಬಸ್ ನಿಲ್ದಾಣಕ್ಕೆ ನಡೆದೆ. ಹಿಂದೆಯೇ ಒಬ್ಬಳು ದುಪ್ಪಟ್ಟಾ ತಲೆಗೆ ಸುತ್ತಿಕೊಂಡು ಓಡೋಡಿ ಬಂದಳು. ಅವಳೇ ಭಾರ್ಗವಿ.

“ಅಕ್ಕಾ, ಆಯನ, ಆ ರೇವಂತ್, ಹೊಡೀಲಿಲ್ಲ, ಬೈಯಲೂ ಇಲ್ಲ. ನಿಂಗೆ ಎಲ್ಲಕ್ಕಿಂತ ಜಾಸ್ತಿ ಭಯ ಏನು ಅಂತ ಕೇಳಿದ್ರು. ಎಷ್ಟು ಪ್ರೀತಿ ನೋಡು ಅಂದ್ಕೊಂಡೆ. ನಮ್ಮತ್ತೆ ಬಾವಿಗೆ ಬಿದ್ದು ಸತ್ತೋಗಿದ್ರು, ನಂಗೆ ಬಾವಿ ಅಂದ್ರೆ ಆಗಲ್ಲ ಅಂದೆ.” ಅವಳು ಉಸಿರು ತೆಗೆದುಕೊಂಡಳು. “ಆಮೇಲೆ ತೋಟ ತೋರಿಸ್ತೀನಿ ಅಂತ ಕರ್ಕೊಂಡೋಗಿ ಕಟ್ಟೆ ಇಲ್ಲದ ಬಾವಿ ಅಂಚಲ್ಲಿ ನಿಲ್ಲಿಸಿದ್ರು. ಹಿಂದಿಂದ ನನ್ನ ಜಡೆ ಹಿಡ್ಕೊಂಡು, ಬಿಡ್ಲಾ, ಬಿಡ್ಲಾ ಅನ್ನೋರು. ಬಗ್ಗಿ ಬಗ್ಗಿ ನನ್ನ ಮುಖ ನೋಡೋರು.”

“ಕೂಗ್ಲಿಲ್ವಾ?”

“ಕೂಗಿದಷ್ಟೂ ಖುಷಿ ಆಯನಿಗೆ. ಕಡೆಗೆ ಯಾರೋ ಟ್ರ್ಯಾಕ್ಟರ್ ಬೇಕು ಅಂತ ಫೋನ್ ಮಾಡಿದ್ರು. ಅಷ್ಟೇ! ಜಡೆ ಬಿಟ್ಟು, ಮಾತಾಡ್ತಾ ಮಾತಾಡ್ತಾ ಬೈಕ್ ಹತ್ರ ಹೋಗ್ಬಿಟ್ರು. ನಾನು ಅಲ್ಲಿದ್ದೀನಿ ಅನ್ನೋದೇ ಮರ್ತೋಯ್ತು.” ಭಾರ್ಗವಿ ನನ್ನ ಕೈ ಹಿಡಿದುಕೊಂಡಳು. “ನಮ್ಮಪ್ಪ ಹೇಳ್ಬೇಡ ಅಂದ್ರು. ಹೇಳಿದ್ರೆ, ಬಾವಿ ಹತ್ರ ಇಬ್ರೇ ಏನ್ ಮಾಡ್ತಿದ್ರಿ ಅಂತ ಕೇಳ್ತಾರೆ ಜನ.”

ಅದೇ ಪ್ರಶ್ನೆಗೆ ಸ್ಪಂದನಾ ಏನು ಉತ್ತರ ಕೊಟ್ಟಿರುತ್ತಾಳೆಂದು ನಾನು ಯೋಚಿಸಬೇಕಾಗಿರಲಿಲ್ಲ, ಎತ್ತರ. ಸಿದ್ದರಬೆಟ್ಟದ ಬಂಡೆ ಆಕಸ್ಮಿಕವಲ್ಲ. ಅಮ್ಮನಿಗೆ ಫೋನ್ ಮಾಡಿ, ಸ್ಪಂದನಾ ಎಲ್ಲಿ ಎಂದೆ.

“ರೇವಂತ್ ಬಂದಿದ್ರು ಕಣೆ. ಮದ್ವೆಗ್ ಮುಂಚೆ ಒಂದೆರ್ಡು ಫೋಟೋ ತಗಸ್ಕಳವ ಅಂತ ಇಬ್ರೂ ಬೆಟ್ಟಕ್ಕೋದ್ರು. ಇವ್ಳು ಒಲ್ಲೆ ಒಲ್ಲೆ ಅಂತಿದ್ಲು. ನಾನೇ ಗದರ್ಸಿ ಕಳ್ಸ್ದೆ.”

ಮಧುಗಿರಿಯ ಬೆಟ್ಟವೆಂದರೆ ಒಂದೇ ಕಲ್ಲು. ಅರ್ಧಕ್ಕೆ ಮೇಲೆ ಬಂಡೆಯಲ್ಲಿ ಕೊರೆದ ಕಾಲ್ಗುಳಿ, ಹಿಡಿಯಲು ಕಂಬಿ, ಕಂಬಿ ಬಿಟ್ಟರೆ ಆಕಾಶ. ನಾನು ಪಾವಗಡದಲ್ಲಿದ್ದೆ. ಪೊಲೀಸರಿಗೆ ಹೇಳೋಣವೆಂದರೆ, ಮದುವೆ ನಿಶ್ಚಯವಾದ ಜೋಡಿ ಬೆಟ್ಟ ಹತ್ತಿದೆ ಎಂದರೆ ನಕ್ಕು ಫೋನ್ ಇಡುತ್ತಾರೆ. ಯಾರಾದರೂ ಕೂಗುತ್ತಾ ಮೇಲೆ ಓಡಿದರೆ ಅವಳು ಇನ್ನೂ ಹೆದರಿ ಕೈ ಬಿಟ್ಟಾಳು. ಅಷ್ಟು ಭಯ ನನಗೆ ಹುಟ್ಟಿದ ಮೇಲೆ ಆಗಿರಲಿಲ್ಲ. ಸ್ಪಂದನಾಳ ನಂಬರಿಗೆ ಮಾಡಿದೆ.

ಎತ್ತಿಕೊಂಡವನು ರೇವಂತ್. ಹಿಂದೆ ಗಾಳಿಯ ಸದ್ದು. “ಹೇಳಿ ಅಕ್ಕ. ಸ್ಪಂದನಾ ಇಲ್ಲೇ ಇದಾಳೆ, ಮಾತಾಡೋ ಸ್ಥಿತೀಲಿ ಇಲ್ಲ. ಕಂಬಿ ಬಿಟ್ಟು ಸ್ವಲ್ಪ ಈಚೆಗೆ ಬಂದು ಕೂತಿದೀವಿ. ಕಣ್ಣು ನೋಡ್ಬೇಕು ನೀವು, ನಿಮ್ಮ ಫೋಟೋದಲ್ಲಿದ್ದಂಗೇ ಇದೆ!”

ಅವನ ದನಿಯಲ್ಲಿ ಕ್ರೌರ್ಯವಿರಲಿಲ್ಲ. ಹೊಸ ಆಟಿಕೆ ಸಿಕ್ಕವನ ಸಂತೋಷವಿತ್ತು. ಬಾಯಿಗೆ ಬಂದದ್ದು ಬೈಗುಳ, ಅದನ್ನು ನುಂಗಿದೆ. ಬೇಡಿಕೊಂಡರೆ ಅವನಿಗೆ ನೋಡಲು ಇನ್ನೊಂದು ಭಯ ಸಿಗುತ್ತದೆ. ಬೆದರಿಸಿದರೆ ಅದು ಅವನಿಗೆ ತಾಕುವುದೇ ಇಲ್ಲ. ಭಾರ್ಗವಿಯ ಜಡೆಯಿಂದ ಅವನ ಕೈ ಬಿಡಿಸಿದ್ದು ಒಂದು ಟ್ರ್ಯಾಕ್ಟರ್. ನಾನು ನಕ್ಕೆ. ಹೇಗೆ ನಕ್ಕೆನೋ ದೇವರೇ ಬಲ್ಲ.

“ಅಯ್ಯೋ, ಅವ್ಳ್ ಕಥೆ ಅತ್ಲಾಗಿರ್ಲಿ ಬುಡು ರೇವಂತ್. ನಿಂಗೊಂದ್ ಗುಟ್ಟು ಹೇಳಕ್ಕೆ ಫೋನ್ ಮಾಡ್ದೆ. ಅಪ್ಪ ಶಿರಾ ರೋಡಿನ ಸೈಟ್‌ನ ನಿನ್ ಹೆಸ್ರಿಗೆ ಬರೆಯಕ್ಕೆ ಹೊಂಟಿದಾರೆ. ಇವತ್ತೇ.”

“ಶಿರಾ ರೋಡಿಂದಾ? ಕಾರ್ನರ್ ಸೈಟಾ?” ಎಂದ.

“ಅದೇ.”

“ಅಂಕಲ್‌ಗೆ ಒಂದು ಫೋನ್ ಮಾಡಿ ಕೇಳ್ಲಾ?”

ಭಾರ್ಗವಿ ಪಕ್ಕದಲ್ಲಿ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. “ಕೇಳು, ಬ್ಯಾಡ ಅನ್ನಲ್ಲ,” ಎಂದೆ. “ಆದ್ರೆ ನಾನು ಬಾಯ್ಬಿಟ್ಟೆ ಅಂತ ಗೊತ್ತಾದ್ರೆ ಮುನಿಸ್ಕಂಡು ಮದ್ವೆ ಆದ್ಮೇಲೆ ನೋಡವ ಅಂದ್ಬುಡ್ತಾರೆ. ನಿಂಗ್ ಗೊತ್ತಲ್ಲ ಅವ್ರ ಬುದ್ಧಿ. ಸಬ್ ರಿಜಿಸ್ಟ್ರಾರ್ ಆಫೀಸ್ ಮುಚ್ಚೋದ್ರೊಳ್ಗೆ ಇಬ್ರೂ ಬರ್ಬೇಕು. ಅವ್ಳೂ ಸೈನ್ ಹಾಕ್ಬೇಕು. ಕೈ ನಡುಗ್ತಿದ್ರೆ ಬಲವಂತ ಅಂತ ವಾಪಸ್ ಕಳಿಸ್ತಾರೆ. ಸಮಾಧಾನ ಮಾಡಿ, ಕಂಬಿ ಹಿಡಿಸ್ಕೊಂಡು, ನಿಧಾನಕ್ಕೆ ಇಳಿಸ್ಕೊಂಡ್ ಬಾ.”

“ಆಯ್ತಕ್ಕ, ಇಳಿದ್ವಿ,” ಎಂದ ರೇವಂತ್. ಫೋನ್ ಇಡುವ ಮುಂಚೆ ಅವನು ನನ್ನ ತಂಗಿಗೆ ಹೇಳುವುದು ಕೇಳಿಸಿತು, ಬೆಣ್ಣೆಯಂಥ ದನಿ, “ಕೈ ಕೊಡು ಬಂಗಾರ, ನಾನಿದೀನಲ್ಲ, ಹೆದರಬೇಡ.”

ಮಧುಗಿರಿಗೆ ಬರುವ ಬಸ್ಸಿನಲ್ಲಿ ನಾನು ಕೂತಿದ್ದೆನೋ ನಿಂತಿದ್ದೆನೋ ಗೊತ್ತಿಲ್ಲ. ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ರೇವಂತ್ ಫೋನ್ ಮಾಡಿದರೆ ಎತ್ತಬೇಡಿ, ಬೆಟ್ಟದ ಬುಡಕ್ಕೆ ಹೋಗಿ ನಿಂತಿರಿ, ಮೇಲೆ ನೋಡಿ ಕೂಗಬೇಡಿ ಎಂದೆ. ಅಪ್ಪ ಮೊದಲ ಸಲ ನನಗೆ ಎದುರು ಮಾತಾಡದೆ ಚಪ್ಪಲಿ ಮೆಟ್ಟಿಕೊಂಡದ್ದು ಫೋನಿನಲ್ಲೇ ಕೇಳಿಸಿತು. ಪರ್ವತಯ್ಯನಿಗೂ ಮನೆಗೆ ಬರಲು ಹೇಳಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಹೇಳಿದ ಸುಳ್ಳು ಬೆಟ್ಟ ಇಳಿಯುವ ತನಕ ಬಾಳಿದರೆ ಸಾಕೆಂದು ಕಂಡ ದೇವರಿಗೆಲ್ಲ ಕೈ ಮುಗಿದೆ. ದಾರಿಯಲ್ಲಿ ಅಪ್ಪನ ಫೋನ್ ಬಂತು. “ಬಂದ್ರು ಕಣವ್ವ,” ಎಂದರು, ಅಷ್ಟೇ. ಬಸ್ಸಿನಲ್ಲಿ ಎಲ್ಲರ ಮುಂದೆ ಗೊಳೋ ಎಂದು ಅತ್ತೆ.

ಮನೆಗೆ ಬಂದಾಗ ರೇವಂತ್ ಹಜಾರದ ಕುರ್ಚಿಯಲ್ಲಿ ತಲೆ ಬಾಚಿಕೊಂಡು ಕಾಫಿ ಕುಡಿಯುತ್ತಿದ್ದ. ಸ್ಪಂದನಾ ಅಡುಗೆಮನೆಯ ಬಾಗಿಲ ಹಿಂದೆ ನೆಲಕ್ಕೆ ಅಂಟಿಕೊಂಡು ಕುಳಿತಿದ್ದಳು. ಮಂಡಿ ತರಚಿತ್ತು, ಉಗುರುಗಳು ಕಿತ್ತು ರಕ್ತ ಬಂದಿತ್ತು. ಅಮ್ಮ ಆ ಬೆರಳುಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಳು. ಅಪ್ಪ ಮತ್ತು ಪರ್ವತಯ್ಯ ಗೋಡೆ ಪಕ್ಕ ನಿಂತಿದ್ದರು.

“ಭಾರ್ಗವಿಯನ್ನ ನೋಡ್ಕೊಂಡ್ ಬಂದೆ,” ಎಂದೆ. “ಯಾಕೆ ಹಿಂಗ್ ಮಾಡ್ತೀಯ?”

ಅಲ್ಲಗಳೆಯುತ್ತಾನೆಂದುಕೊಂಡಿದ್ದೆ. ಅವನು ಯೋಚಿಸಿ, ಪ್ರಾಮಾಣಿಕವಾಗಿಯೇ ಹೇಳಿದ. “ಎಲ್ರೂ ಭಯ ಭಯ ಅಂತಾರಲ್ಲ ಅಕ್ಕ, ನಂಗೆ ಅದು ಆಗಲ್ಲ. ಹೆಂಗಿರತ್ತೆ ಅಂತ ನೋಡೋಣ ಅಂತ. ಯಾರಿಗೂ ಏನೂ ಆಗ್ಲಿಲ್ವಲ್ಲ.” ಆಮೇಲೆ ಅಪ್ಪನ ಕಡೆ ತಿರುಗಿ, “ಅಂಕಲ್, ಪತ್ರ ರೆಡಿ ಇದೆಯಾ? ಟೈಮ್ ಆಗತ್ತೆ,” ಎಂದ. ಬಾಗಿಲ ಹಿಂದಿನಿಂದ ಬರುತ್ತಿದ್ದ ಬಿಕ್ಕಳಿಕೆ ಅವನಿಗೆ ಕೇಳಿಸಲಿಲ್ಲವೆಂದಲ್ಲ, ಅದರಿಂದ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ.

ಅಮ್ಮ ಎದ್ದು ಬಂದಳು. ಮನೆಗೆ ಬಂದವರ ಕೈಯಿಂದ ಲೋಟ ಕಸಿಯುವುದೆಂದರೆ ನಮ್ಮಲ್ಲಿ ಕಪಾಳಕ್ಕೆ ಹೊಡೆದಂತೆ. ಅಮ್ಮ ಅವನ ಕೈಯಲ್ಲಿದ್ದ ಅರ್ಧ ಕಾಫಿಯ ಲೋಟ ಕಸಿದು ಅಂಗಳಕ್ಕೆ ಚೆಲ್ಲಿದಳು. “ಏಳಪ್ಪ ಮೇಲಕ್ಕೆ,” ಎಂದಳು.

ರೇವಂತ್ ಎದ್ದ. ಕೋಪ ಬರಲಿಲ್ಲ, ಅವಮಾನವೂ ಆದಂತೆ ಕಾಣಲಿಲ್ಲ. ಹೊಸಿಲಲ್ಲಿ ಕೂತು ಶೂ ಲೇಸು ಕಟ್ಟಿಕೊಂಡ. “ಸೈಟ್ ಸುಳ್ಳಾ ಅಕ್ಕ? ತುಂಬಾ ಚೆನ್ನಾಗಿ ಹೇಳಿದ್ರಿ,” ಎಂದು ನನ್ನನ್ನು ಮೆಚ್ಚಿಕೊಂಡು, ಅಪ್ಪನಿಗೆ ಮಾತ್ರೆ ಮರೆಯಬೇಡಿ ಎಂದು ಹೇಳಿ ಹೊರಟ. ಅವನು ಬೈದಿದ್ದರೆ, ನೋಡ್ಕೋತೀನಿ ಎಂದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಗೇಟಿನ ಚಿಲಕ ಹಾಕಿ ಬಂದವಳು ಮತ್ತೆ ಹೋಗಿ ಅದನ್ನು ಎಳೆದು ನೋಡಿದೆ.

ಸ್ವಲ್ಪ ಹೊತ್ತಾದ ಮೇಲೆ ಪರ್ವತಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಆಗಿದ್ದಾಯ್ತು. ಕೇಳ್ದೋರ್ಗೆ ಜಾತ್ಕ ಕೂಡ್ಲಿಲ್ಲ ಅಂದ್ಬುಡ್ಲಾ ಸಿದ್ದಗಂಗಣ್ಣ? ಹೆಣ್ಮಗಿನ ವಿಷ್ಯ.”

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಹೂಂ ಅನ್ನುವಂತೆ ತಲೆ ಆಡಿಸಿದಳು. ಸುಸ್ತಾಗಿದ್ದ ನಾನೂ ಬೇಡ ಅನ್ನಲಿಲ್ಲ.

“ಅವನಿಗೆ ಬೇರೆ ಕಡೆ ಹೆಣ್ಣು ನೋಡ್ತಾರಾ?” ಎಂದು ಸ್ಪಂದನಾ ಒಳಗಿನಿಂದ ಕೇಳಿದಳು. ಬೆಟ್ಟದಿಂದ ಇಳಿದ ಮೇಲೆ ಅವಳು ಆಡಿದ ಮೊದಲ ಮಾತು ಅದು.

“ನೋಡ್ದೆ ಬುಡ್ತಾರಾ ತಾಯಿ. ಹುಲಿಕುಂಟೆ ಕಡೆಯೋರು ಆಗ್ಲೇ ಒಂದ್ಸಲ ಕೇಳಿದ್ರು.”

ಸ್ಪಂದನಾ ಗೋಡೆ ಹಿಡಿದುಕೊಂಡು ಎದ್ದು ಬಾಗಿಲಿಗೆ ಬಂದಳು. ಹಲ್ಲು ಕಟಕಟಿಸುತ್ತಿದ್ದವು. “ಹಂಗಾದ್ರೆ ನನ್ನ ಹೆಸರು ಹಾಕೇ ಹೇಳಿ. ಬೆಟ್ಟದ ಮೇಲೆ ಏನಾಯ್ತು ಅಂತ ಹೇಳಿ. ಜನ ನನ್ನ ಬಗ್ಗೆ ಏನಾದ್ರೂ ಅಂದ್ಕೊಳ್ಳಿ. ನಂಗೆ ಅಕ್ಕ ಫೋನ್ ಮಾಡಿದ್ಲು. ಆ ಹುಡ್ಗಿಗೆ ಯಾರು ಮಾಡ್ತಾರೆ?”

ಪರ್ವತಯ್ಯ ಜೇಬಿನಿಂದ ಫೋನ್ ತೆಗೆದು, ಹುಲಿಕುಂಟೆಯವರ ನಂಬರ್ ಹುಡುಕಿ, ಅದನ್ನು ನನ್ನ ತಂಗಿಯ ಕೈಗೆ ಕೊಟ್ಟ.